ನೀಲಗಂಗವ್ವ ರೊಟ್ಟಿ ಬಿಟ್ಟ ಎಂಟು ದಿನ

೧
ಎಲ್ಲಿಂದ ಶುರು ಮಾಡಲಿ? ‘ಕಾರ್ಬೋಹೈಡ್ರೇಟ್ ಎಂದರೆ ಇಂಗಾಲ, ಜಲಜನಕ, ಆಮ್ಲಜನಕ’ ಎಂದು ಆರಂಭಿಸಿದ ಕರಡನ್ನು ಹರಿದು ಹಾಕಿದೆ. ಬರೆಯುವಾಗ ನನಗೇ ಆಕಳಿಕೆ ಬಂತು, ನಿಮ್ಮ ಗತಿಯೇನು? ಹೀಗಾಗಲಿ: ಸಾಂಗ್ಲಿಯ ಬೆಲ್ಲದ ವ್ಯಾಪಾರಿಗಳ ಮನೆಯ ಹಿರಿಯಳು ನೀಲಗಂಗವ್ವ ಒಂದು ದಿನ ರೊಟ್ಟಿ ಬಿಟ್ಟಳು.

೨
ಬಿಡಿಸಿದವಳು ಮೊಮ್ಮಗಳು ವೃಷಾಲಿ, ಬಿ.ಎಸ್ಸಿ. ಮೊದಲ ವರ್ಷ. ಕಾಲೇಜಿನಲ್ಲಿ ಕಲಿತದ್ದನ್ನು ಊಟದ ಹೊತ್ತಿಗೆ ಬಡಿಸುವ ಚಟ ಅವಳಿಗೆ.

“ಅಜ್ಜಿ, ರೊಟ್ಟಿ ಮ್ಹಣಜೆ, ಅಂದ್ರ, ಸಕ್ಕರೀನ. ಗ್ಲುಕೋಸ್ ಮಣಿ ಪೋಣಿಸಿದ ಸರ. ಹೊಟ್ಟ್ಯಾಗ ಹೋಗಿ ಬಿಡಿಬಿಡಿ ಆಗತೈತಿ.”

ನೀಲಗಂಗವ್ವನಿಗೆ ಸಕ್ಕರೆ ಕಾಯಿಲೆ. ಮರುದಿನದಿಂದ ರೊಟ್ಟಿ, ಅನ್ನ ಎರಡೂ ಬಂದ್. ಬರೀ ಸೌತೆಕಾಯಿ, ಸೊಪ್ಪು. ಡಾಕ್ಟರು ಕೊಟ್ಟ, ಸಕ್ಕರೆ ಇಳಿಸುವ ಗುಳಿಗೆಯನ್ನು ಮಾತ್ರ ತಪ್ಪಿಸಲಿಲ್ಲ. (ಶಿಸ್ತಿನ ಹೆಂಗಸು. ನನ್ನಂತಲ್ಲ.)

೩
ಎಂಟನೆಯ ದಿನ ಕಣ್ಣು ತೋರಿಸಲು ಇಬ್ಬರೂ ಮಿರಜದ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಅಜ್ಜಿಯ ಕೈ ನಡುಗಿತು, ಹಣೆ ಬೆವರಿತು. “ನೀ ಯಾರ ಮಗಳವಾ?” ಎಂದು ವೃಷಾಲಿಯನ್ನೇ ಕೇಳಿದಳು.

(ಇಲ್ಲಿ ಪೆನ್ನು ನಿಂತಿತು. ಅಜ್ಜಿಯನ್ನು ಸಾಯಿಸಿದರೆ ಕಥೆಗೆ ತೂಕ ಬರುತ್ತಿತ್ತು. ಆಕೆ ಹಾಳೆಯೊಳಗಿಂದಲೇ ನನ್ನನ್ನು ನೋಡಿದಳು: “ನಿನ್ನ ಕಥಿ ತೂಕಕ್ಕ ನನ್ನ ಯಾಕ ತಕ್ಕಡ್ಯಾಗ ಇಡ್ತಿಯೋ ತಮ್ಮಾ?” ತಪ್ಪಾಯಿತೆಂದು ಆ ಯೋಚನೆಯನ್ನೇ ಹೊಡೆದು ಹಾಕಿದೆ.)

ಅಜ್ಜಿಗೆ ಹೇಳದೆ ಬಿಟ್ಟಿದ್ದ ಪಾಠವೊಂದು ಆಗ ವೃಷಾಲಿಗೆ ನೆನಪಾಯಿತು: ಮೆದುಳು ನಡೆಯುವುದೇ ಗ್ಲುಕೋಸಿನಿಂದ. ಹಿಂದಿನ ಸೀಟಿನಲ್ಲಿ ಸಂತೆಚೀಲ ಹಿಡಿದು ಕುಳಿತಿದ್ದ ನೆರೆಮನೆಯ ಸರುಬಾಯಿಯತ್ತ ತಿರುಗಿದಳು. “ಮಾವಶಿ, ಸಾಖರ ಹೈತೇನ್ರಿ?”

ಸರುಬಾಯಿ ಪೊಟ್ಟಣ ಒಡೆದು ಸಕ್ಕರೆ ಕೊಟ್ಟಳು. ವೃಷಾಲಿ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕುಡಿಸಿದಳು. ಹತ್ತು ನಿಮಿಷ ಅಜ್ಜಿಯ ಹಣೆ ಒರೆಸುತ್ತ ಕುಳಿತಳು. ಆಮೇಲೆ ಅಜ್ಜಿ ಕಣ್ಣರಳಿಸಿ, “ವೃಷಾಲೀ, ಯಾಕ ಅಳಾಕತ್ತಿ?” ಎಂದಳು.

೪
ದವಾಖಾನೆಯಲ್ಲಿ ಬೈಗುಳ ಇಬ್ಬರಿಗೂ ಸಮಪಾಲು: ಗುಳಿಗೆ ನುಂಗಿ ಉಪವಾಸವಿರಬಾರದು, ರೊಟ್ಟಿ ಬಿಡಬಾರದು, ಅಳತೆಯಲ್ಲಿ ತಿನ್ನಬೇಕು.

ಮನೆಗೆ ಬಂದ ಮೇಲೆ ವೃಷಾಲಿ ತಲೆ ತಗ್ಗಿಸಿ ಹೇಳಿದಳು, “ನಾ ಅರ್ಧಾನ ಹೇಳಿದ್ದೆ ಅಜ್ಜಿ. ಸೌತಿಕಾಯಿ ನಾರೂ ಅದ ಮಣಿ ಸರ. ಗಂಟು ಬ್ಯಾರೆ, ಅಷ್ಟ. ಆ ಗಂಟು ನಮ್ಮ ಹೊಟ್ಟಿಗೆ ಬಿಚ್ಚಾಕ ಬರಂಗಿಲ್ಲ. ಆಕಳ ಹೊಟ್ಟ್ಯಾಗಿನ ಜೀವಾಣು ಬಿಚ್ಚತಾವ.”

“ಅಂದ್ರ ಎಂಟ ದಿನ ನಾ ಆಕಳ ಊಟ ಉಂಡೆ,” ಎಂದಳು ಅಜ್ಜಿ. “ಆಕಳ ಹೊಟ್ಟಿ ಇಲ್ದ.”

ವೃಷಾಲಿ ಅಳುತ್ತಲೇ ನಕ್ಕಳು.

೫
ಮುಕ್ತಾಯಗಳು ನನ್ನ ಬಳಿ ಎರಡಿವೆ. ವೃಷಾಲಿಗೆ ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂತು. ಅಥವಾ, ಅವಳು ಇನ್ನು ಪಾಠ ಹೇಳುವುದಿಲ್ಲವೆಂದು ಆಣೆ ಮಾಡಿದಳು. ಎರಡನ್ನೂ ಅಜ್ಜಿಗೆ ಓದಿ ಹೇಳಿದೆ. “ಮೊದ್ಲ ಊಟಾ ಆಗಲಿ,” ಎಂದು ನೀಲಗಂಗವ್ವ ಜೋಳದ ರೊಟ್ಟಿ ಮುರಿದಳು.

“ಈ ಸರ ಬಿಚ್ಚೂದು ಎಲ್ಲಿಂದ ಶುರು ಆಗತೈತಿ?”

“ಬಾಯಾಗನ ಅಜ್ಜಿ. ಉಗುಳಿನ್ಯಾಗ. ಸಾವಕಾಶ ಅಗದು ನೋಡ್ರಿ, ಸಿಹಿ ಹತ್ತತೈತಿ.”

ಆಕೆ ಕಣ್ಣು ಮುಚ್ಚಿ ಅಗಿದಳು. ನಾನು ತಡೆಯಲಾರದೆ, ಸಿಹಿ ಹತ್ತಿತೇ ಎಂದು ಕೇಳಿದೆ. ಕೈ ಎತ್ತಿ ಸುಮ್ಮನಿರು ಎಂದಳು. ಇನ್ನೂ ಅಗಿಯುತ್ತಿದ್ದಾಳೆ.