ಉಮಾಪತಿಯ ಜೇಡ

ಜೇಡ ಸತ್ತಿದೆಯೆಂದು ವಿರೂಪಾಕ್ಷಮ್ಮನಿಗೆ ಬೆಳಿಗ್ಗೆಯೇ ಹಬ್ಬ. ಗಾಜಿನ ಪೆಟ್ಟಿಗೆಯಲ್ಲಿ ಅದು ಎಂಟೂ ಕಾಲು ಮೇಲೆ ಮಾಡಿ ಅಂಗಾತ ಬಿದ್ದಿತ್ತು.

"ಪೀಡಾ ತೊಲಗಿತು. ತಿಪ್ಪಿಗೆ ಚೆಲ್ಲಿ ಬಾ," ಎಂದು ಸೊಸೆಗೆ ಅಪ್ಪಣೆಯಾಯಿತು.

"ಸತ್ತಿಲ್ರಿ ಅತ್ತ್ಯಾರ. ಪೊರಿ ಬಿಡಾಕತ್ತೈತಿ," ಎಂದು ಶಿವಲೀಲಾ ಪೆಟ್ಟಿಗೆಗೆ ಅಡ್ಡ ಕೂತಳು.

ಅಂಗೈಯಗಲದ ಆ ಟರಾಂಟುಲಾ ಜೇಡ ಅವಳ ಗಂಡ ಉಮಾಪತಿಯದು. ಯಲಬುರ್ಗಾದಲ್ಲಿ ಕಾಲೇಜು ಹುಡುಗರಿಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದವನು, ಮರಿಯಿದ್ದಾಗಿನಿಂದ ಅದನ್ನು ಸಾಕಿದ್ದ. ಹೋದ ವರ್ಷ ಕಾಮಾಲೆಯಲ್ಲಿ ಅವನು ತೀರಿಕೊಂಡ. ಜೇಡ ಉಳಿಯಿತು, ಶಿವಲೀಲಾ ಉಳಿದಳು. ಮನೆಯವರಿಗೆ ಆ ಎರಡು ಜೀವವೂ ಬೇಡವಾಗಿದ್ದವು. ಮೈದುನ ಗವಿಸಿದ್ದೇಶನ ಮದುವೆ ಗೊತ್ತಾಗಿತ್ತು, ಅವನ ಕಣ್ಣು ಅವಳ ಕೋಣೆಯ ಮೇಲಿತ್ತು. ಕೋಣೆ ಬಿಡು ಅನ್ನಲು ನಾಚಿಕೆ. ಜೇಡವನ್ನು ದೂರಲು ಎಂಥ ನಾಚಿಕೆ?

ಮಧ್ಯಾಹ್ನಕ್ಕೆ ಜೇಡ ಹಳೆಯ ಚರ್ಮ ಕಳಚಿ ಹೊಸದಾಗಿ ನಿಂತಿತ್ತು. ಅತ್ತೆಯ ಮುಖ ಹುಳ್ಳಗಾಯಿತು. ಗವಿಸಿದ್ದೇಶ ಮೊಬೈಲು ತೆಗೆದ.

"ಗಂಡಾದ್ರ ದೊಡ್ಡದಾದ ಮ್ಯಾಲೆ ಲಗೂನ ಸಾಯತೈತಂತ, ಯವ್ವ. ಹೆಣ್ಣಾದ್ರ ಇಪ್ಪತ್ತು ವರ್ಷ ಬಾಳತೈತಂತ. ಬಿಟ್ಟ ಪೊರಿ ನೋಡಿದ್ರ ಯಾವುದಂತ ಗೊತ್ತಾಕೈತಂತ."

"ಹಂಗಾದ್ರ ನೋಡಿ ಹೇಳು," ಎಂದಳು ವಿರೂಪಾಕ್ಷಮ್ಮ ಸೊಸೆಗೆ. "ಗಂಡಾದ್ರ ಸಾಯೋತನ ಇರ್ಲಿ. ಹೆಣ್ಣಾದ್ರ ಅದನ್ನ ಬಗಲಾಗ ಇಟ್ಕೊಂಡು ಬೇವೂರಿಗೆ ನಿನ್ನ ತವರಿಗೆ ನಡಿ."

ತವರಿನಲ್ಲಿ ಈಗ ಅಣ್ಣ-ಅತ್ತಿಗೆಯರ ಸಂಸಾರ. ಅಲ್ಲಿ ಅವಳಿಗೆ ಜಾಗವಿಲ್ಲವೆಂದು ಅತ್ತೆಗೆ ಚೆನ್ನಾಗಿ ಗೊತ್ತಿತ್ತು.

ಶಿವಲೀಲಾ ಪೊರೆಯನ್ನು ಸೋಪಿನ ನೀರಿನಲ್ಲಿ ನೆನೆಸಿದಳು. ಮೆತ್ತಗಾದ ಹೊಟ್ಟೆಯ ಭಾಗವನ್ನು ಸೂಜಿಯಿಂದ ಬಿಡಿಸಿ ಉಮಾಪತಿಯ ಭೂತಗನ್ನಡಿ ಹಿಡಿದಳು. ಒಳಮೈಯಲ್ಲಿ ನಾಲ್ಕು ಬಿಳಿ ಗುರುತು. ಮೇಲಿನ ಎರಡರ ನಡುವೆ ಪುಟ್ಟ ಜೇಬಿನಂಥದ್ದಿದ್ದರೆ ಹೆಣ್ಣು. ಅವನೇ ಹೇಳಿಕೊಟ್ಟಿದ್ದ.

ಜೇಬಿತ್ತು.

ಸುಳ್ಳು ಹೇಳಿದರೆ ಹಿಡಿಯುವವರು ಯಾರು? ಗಂಡು ಎನ್ನಲು ಬಾಯಿ ತೆರೆದಳು.

"ಯವ್ವ, ಇಲ್ಲಿ ಕೇಳು," ಗವಿಸಿದ್ದೇಶ ಮೊಬೈಲು ನೋಡುತ್ತ ನಕ್ಕ. "ಹೆಣ್ಣು ಜೇಡ ಗಂಡನ್ನ ತಿಂದಬಿಡತೈತಂತ!"

"ಅದಕ್ಕ ಈಕೀಗೆ ಅದರ ಮ್ಯಾಲೆ ಇಷ್ಟು ಜೀವ," ಎಂದಳು ವಿರೂಪಾಕ್ಷಮ್ಮ. "ಗಂಡನ್ನ ತಿಂದಾಕಿಗೆ ಗಂಡನ್ನ ತಿನ್ನೂದ ಜೋಡಿ."

ಶಿವಲೀಲಾ ತೆರೆದ ಬಾಯಿ ಮುಚ್ಚಿದಳು. ಈ ಮಾತನ್ನು ಬಾಗಿಲ ಹಿಂದಿನಿಂದ ಎಷ್ಟೋ ಸಲ ಕೇಳಿದ್ದಳು; ಮುಖಕ್ಕೆ ಹೊಡೆದಂತೆ ಕೇಳಿದ್ದು ಇದೇ ಮೊದಲು. ತಲೆಯೆತ್ತಿದರೆ ಎದುರಿಗೆ ಅತ್ತೆಯ ಹಣೆ. ಅಲ್ಲಿಯೂ ಕುಂಕುಮವಿರಲಿಲ್ಲ, ಬರೀ ವಿಭೂತಿ.

"ಹೆಣ್ಣು ಐತ್ರಿ," ಎಂದಳು.

"ಹಂಗಾದ್ರ ಗಂಟು ಕಟ್ಟು."

"ಕಟ್ಟತೀನ್ರಿ. ಗಂಡನ್ನ ತಿಂದಾಕಿಗೆ ಈ ಮನ್ಯಾಗ ಜಾಗ ಇಲ್ಲಂದ್ರ, ನಂದೂ ನಿಮ್ಮದೂ ಇಬ್ಬರದೂ ಕಟ್ಟತೀನಿ. ಮಾವನೋರು ಹೋದಾಗ ನಿಮ್ಮ ಈ ಮಗ ಇನ್ನೂ ತೊಟ್ಟಿಲದಾಗ ಇದ್ದನಂತಲ್ರಿ. ಮದಲ ನೀವು ನಡೀರಿ ಅತ್ತ್ಯಾರ, ಹಿಂದಿಂದ ನಾ ಬರ್ತೀನಿ."

ಗವಿಸಿದ್ದೇಶ ಮೊಬೈಲನ್ನು ಕಿಸೆಗಿಟ್ಟ. ವಿರೂಪಾಕ್ಷಮ್ಮ ಕೂತಲ್ಲಿಂದ ಏಳಲಿಲ್ಲ. ಶಿವಲೀಲಾ ಗಾಜಿನ ಪೆಟ್ಟಿಗೆಯನ್ನು ಎತ್ತಿ ಪಡಸಾಲೆಗೆ ತಂದು, ಎಲ್ಲರ ಕಣ್ಣಿಗೂ ಬೀಳುವಂತೆ ಉಮಾಪತಿಯ ಫೋಟೋದ ಕೆಳಗಿಟ್ಟಳು.