ಆಟಿಗೆ ಮುಂಚೆ ಇಳಿದ ಚೆನ್ನೆಮಣೆ

ನಾನು ಒಂದು ಚೆನ್ನೆಮಣೆ. ಮುಲ್ಕಿಯ ಒಂದು ಮನೆಗೆ ಬಾಗಿಲು ಮಾಡಿ ಉಳಿದ ಹಲಸಿನ ತುಂಡಿನಲ್ಲಿ ಬಡಗಿ ನನ್ನನ್ನು ಕೆತ್ತಿದ. ಈ ಬದಿ ಏಳು ಗುಳಿ, ಆ ಬದಿ ಏಳು ಗುಳಿ, ಆಡಲು ಕೆಂಪು ಮಂಜೊಟ್ಟಿ ಬೀಜ. ಮದುವೆಯಾಗಿ ಹೊರಟ ಆ ಮನೆಯ ಮಗಳು ಗುಲಾಬಿಯ ಟ್ರಂಕಿನಲ್ಲಿ ಸೀರೆಗಳ ನಡುವೆ ನಾನೂ ಹೊರಟೆ. ಆಕೆಯನ್ನು ಸೋಲಿಸಿದವರನ್ನು ನಾನು ಕಂಡಿಲ್ಲ. ಯಾರ ಬೆರಳು ಯಾವ ಗುಳಿಗೆ ಕದ್ದು ಬೀಜ ಬಿಟ್ಟಿತೆಂದು ವೀಳ್ಯ ಮಡಿಸುತ್ತಲೇ ಹೇಳಿಬಿಡುತ್ತಿದ್ದಳು.

ನಮ್ಮ ಕಡೆ ನನ್ನನ್ನು ಆಡುವುದು ಜಡಿಮಳೆಯ ಆಟಿ ತಿಂಗಳಲ್ಲಿ ಮಾತ್ರ. ಮಿಕ್ಕ ತಿಂಗಳು ಇಳಿಸಿದರೆ ಮನೆಗೆ ಒಳ್ಳೆಯದಲ್ಲವೆಂದು ನಂಬಿಕೆ. ಗುಲಾಬಿಯ ಮಗಳು ಸುಗಂಧಿ ಸ್ವಂತ ಮನೆ ಮಾಡಿದ ಮೇಲೆ ಗುಲಾಬಿಯೂ ಅಲ್ಲಿಗೆ ಬಂದಳು, ಆ ಅಡುಗೆಮನೆಯ ಅಟ್ಟ ನನ್ನದಾಯಿತು. ಅಲ್ಲಿಂದ ಸಂಸಾರವೆಲ್ಲ ಕಾಣುತ್ತಿತ್ತು.

ಒಂದು ಬೇಸಿಗೆಯಲ್ಲಿ ಸುಗಂಧಿಯ ಮಗಳು ನಿಶ್ಮಿತಾ ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಫೇಲಾದಳು. ಲ್ಯಾಬ್ ಟೆಕ್ನಿಷಿಯನ್ ಆಗುವ ಆಸೆ ಅವಳಿಗೆ. ಮರುಪರೀಕ್ಷೆಯೂ ಕೈಕೊಟ್ಟರೆ ಪೇಟೆಯ ಬಟ್ಟೆ ಅಂಗಡಿಗೆ ಸೇರಿಸುವುದೆಂದು ಅಪ್ಪ ಹೇಳಿಯಾಗಿತ್ತು. ಅವಳನ್ನು ಕೆಡವುತ್ತಿದ್ದುದು ರಾಸಾಯನಿಕ ಸಮೀಕರಣ. ಎರಡೂ ಬದಿ ಪರಮಾಣುಗಳು ಸಮವಾಗಬೇಕು, ಅವಳಿಗೆ ಆಗುತ್ತಿರಲಿಲ್ಲ.

ಒಂದು ಸಂಜೆ ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. "ಅಮ್ಮಾ, ಅದಕ್ಕೂ ಎರಡು ಬದಿ ಉಂಟಲ್ಲ. ಇಳಿಸಿ ಕೊಡಿ."

"ಮುಟ್ಬೇಡ! ಆಟಿಗೆ ಇನ್ನೂ ಸಮಯ ಉಂಟು," ಎಂದಳು ಗುಲಾಬಿ ಮೂಲೆಯಿಂದ.

"ಆಟಕ್ಕಲ್ಲಮ್ಮ. ಮಗು ಕೇಳ್ತಾ ಉಂಟು. ಏನಾದ್ರೂ ಆದ್ರೆ ನನ್ನ ತಲೆಗಿರ್ಲಿ," ಎಂದು ಸುಗಂಧಿ ಸ್ಟೂಲು ಹತ್ತಿದಳು. ಸೆರಗಿನಿಂದ ನನ್ನ ಧೂಳೊರೆಸಿ, ಒಂದು ಹಿಡಿ ಹುಣಸೆಬೀಜವನ್ನೂ ಕೊಟ್ಟು ತೆಂಗಿನಕಾಯಿ ತುರಿಯಲು ಕುಳಿತಳು.

ಒಂದು ಗುಳಿ ಒಂದು ಅಣು. ಮಂಜೊಟ್ಟಿ ಹೈಡ್ರೋಜನ್, ಹುಣಸೆ ಆಕ್ಸಿಜನ್. ನಿಶ್ಮಿತಾ ಎಡಬದಿಯ ಒಂದು ಗುಳಿಗೆ ಎರಡು ಕೆಂಪು, ಇನ್ನೊಂದಕ್ಕೆ ಎರಡು ಹುಣಸೆ ಹಾಕಿದಳು. ಅವು ಸೇರಿ ಬಲಬದಿಯಲ್ಲಿ ನೀರಾಗಬೇಕೆಂದು ಅಷ್ಟೇ ಬೀಜ ಮತ್ತೆ ಕೈಗೆತ್ತಿಕೊಂಡಳು. "ನೀರಿಗೆ ಎರಡು ಕೆಂಪು, ಒಂದು ಹುಣಸೆ," ಎಂದು ಹೇಳಿಕೊಂಡೇ ಹಾಕಿದಳು. ಇನ್ನೊಂದು ಹುಣಸೆ ಕೈಯಲ್ಲೇ ಉಳಿಯಿತು. ಅವಳು ಅದನ್ನೂ ಮೆಲ್ಲಗೆ ಅದೇ ಗುಳಿಗೆ ಬಿಟ್ಟಳು. ಉತ್ತರಪತ್ರಿಕೆಯಲ್ಲಿ ಮಾಡಿದ್ದೂ ಇದನ್ನೇ.

"ಏ ಕಳ್ಳೀ!" ಗುಲಾಬಿ ಎದ್ದೇಬಿಟ್ಟಳು. "ತುಂಬಿದ ಗುಳಿಗೆ ಪುನಃ ತುರುಕ್ತೀಯಾ?"

"ಇದು ಆಟ ಅಲ್ಲಜ್ಜಿ."

"ಎಂಥದ್ದಾದ್ರೂ ಆಗ್ಲಿ ಮಾರಾಯ್ತಿ. ನೀರಿಗೆ ಎರಡು ಕೆಂಪು ಒಂದು ಹುಣಸೆ ಅಂತ ನೀನೇ ಹೇಳಿದ್ದು. ಪಕ್ಕದಲ್ಲಿ ಇಷ್ಟು ಗುಳಿ ಖಾಲಿ ಬಿದ್ದಿದೆ, ಕಾಣುದಿಲ್ವಾ?"

ನಿಶ್ಮಿತಾ ಬೀಜವನ್ನು ಹೊರತೆಗೆದು ಪಕ್ಕದ ಗುಳಿಗಿಟ್ಟಳು. ಅದೂ ನೀರಾಗಲು ಎರಡು ಕೆಂಪು ಬೇಕು. ಬಲಕ್ಕೆ ಎರಡು ಹೆಚ್ಚಾದರೆ ಎಡಕ್ಕೂ ಎರಡು ಬೇಕು, ಅಲ್ಲೂ ಹೊಸ ಗುಳಿ. ಎಡದಲ್ಲಿ ಹೈಡ್ರೋಜನ್ ಎರಡು ಗುಳಿ, ಆಕ್ಸಿಜನ್ ಒಂದು ಗುಳಿ. ಬಲದಲ್ಲಿ ನೀರು ಎರಡು ಗುಳಿ. ಕೈ ಖಾಲಿಯಾಯಿತು.

"ಅಮ್ಮಾ! ಗುಳಿ ಎಷ್ಟು ಬೇಕಾದ್ರೂ ತಗೊಳ್ಬಹುದು. ಗುಳಿ ಒಳಗೆ ಮಾತ್ರ ಕೈ ಹಾಕ್ಬಾರ್ದು!"

"ಹಾಗಾದ್ರೆ ಇನ್ನೊಂದು ಮಾಡು," ಎಂದಳು ಸುಗಂಧಿ, ತುರಿಯುವುದನ್ನು ನಿಲ್ಲಿಸದೆ.

ಇನ್ನೊಂದು, ಮತ್ತೊಂದು. ಬಚ್ಚಲೊಲೆಯ ಇದ್ದಿಲಚೂರು ಕಾರ್ಬನ್ ಆಗಿ ಬಂತು. ಪ್ರೊಪೇನ್ ಅನಿಲ ಉರಿಯುವ ಸಮೀಕರಣಕ್ಕೆ ಎಡದಲ್ಲಿ ಆರು ಗುಳಿ ಹಿಡಿಯಿತು, ಬಲದಲ್ಲಿ ಏಳೂ ತುಂಬಿದವು. "ನನ್ನ ಮಣೆಯ ಅಳತೆ ತೆಗೆದೇ ಉರಿದ ಹಾಗುಂಟು," ಎಂದು ಗುಲಾಬಿ ಬೀಗಿದಳು.

ಪರೀಕ್ಷೆಯ ಕೋಣೆಗೆ ನಾನು ಹೋಗುವಂತಿರಲಿಲ್ಲ. ನಿಶ್ಮಿತಾ ಉತ್ತರಪತ್ರಿಕೆಯ ಅಂಚಿನಲ್ಲಿ ನನ್ನ ಗುಳಿಗಳನ್ನು ಪೆನ್ಸಿಲಿನಿಂದ ಬರೆದುಕೊಂಡಳಂತೆ. ಫಲಿತಾಂಶ ಬಂದದ್ದು ಆಟಿಯಲ್ಲಿ. "ಗೆದ್ದೆಯಾ?" ಎಂದಷ್ಟೇ ಗುಲಾಬಿ ಕೇಳಿದಳು. ಗೆದ್ದಿದ್ದಳು.

ಈಗ ನಿಶ್ಮಿತಾ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ನನ್ನ ಒಂದು ತುದಿಯನ್ನು ಗೆದ್ದಲು ತಿಂದಿದೆ, ಒಂದು ಗುಳಿಗೆ ಹತ್ತಿದ ಇದ್ದಿಲ ಕಪ್ಪು ಎಷ್ಟು ತಿಕ್ಕಿದರೂ ಹೋಗಿಲ್ಲ. ನಾನು ಅಟ್ಟಕ್ಕೆ ಮರಳಲಿಲ್ಲ. ಜಗಲಿಯ ಮೂಲೆಯಲ್ಲಿದ್ದೇನೆ, ನೆರೆಮನೆಯ ಮಕ್ಕಳು ಪುಸ್ತಕ ಹಿಡಿದು ಬರುತ್ತಾರೆ. ಗುಲಾಬಿಗೆ ಕಣ್ಣು ಮಂಜಾಗಿದೆ. ಆದರೂ ತುಂಬಿದ ಗುಳಿಗೆ ಬೀಜ ಬಿದ್ದರೆ ಸದ್ದಿನಲ್ಲೇ ತಿಳಿದು, "ಏ, ತೆಗಿ ಅದನ್ನು!" ಎನ್ನುತ್ತಾಳೆ. ಮಕ್ಕಳು ನಗುತ್ತಾ ತೆಗೆದು ಪಕ್ಕದ ಗುಳಿ ನೋಡುತ್ತಾರೆ.

ನನಗೀಗ ವರ್ಷವಿಡೀ ಆಟಿ.