ಅಸಾಫನ ಪ್ಲೇಟು ಸವೆದ ಸಂಜೆ

ಕಿಂಗ್‌ಸ್ಟನ್ನಿನಲ್ಲಿ ನಾನು ಸ್ಪೀಕರು ಹಚ್ಚಿದರೆ ಕ್ಯೂಬಾದ ಕೋಳಿಗಳು ಮೊಟ್ಟೆಯಿಡುವುದನ್ನು ನಿಲ್ಲಿಸುತ್ತಿದ್ದವು. ನಂಬದವರು ಕೋಳಿಗಳನ್ನೇ ಕೇಳಲಿ. ಆದರೆ ರೆಗೇ ಹಾಡುಗಾರ ಅಸಾಫ್ ಪಿಯರ್ಟ್‌ನ ಗ್ರಾಮಫೋನ್ ಪ್ಲೇಟಿನ ಮುಂದೆ ನಾನೂ ತಲೆ ತಗ್ಗಿಸುವವನೇ.

ಅಸಾಫ್ ಬದುಕಿದ್ದಾಗ, ಎರಡು ಪಕ್ಷಗಳ ಕೇರಿಗಳ ನಡುವಿನ ದೊಡ್ಡ ಮೋರಿಯ ಸೇತುವೆಯ ಮೇಲೆ ನಿಂತು, ಆಚೆ ದಡದ ಪಕ್ಷಕ್ಕೂ ಈಚೆ ದಡದ ಪಕ್ಷಕ್ಕೂ ಒಂದೇ ಹಾಡು ಹಾಡಿದ. ಹಾಡು ಮುಗಿಯುವವರೆಗೆ ಯಾರೂ ಬಂದೂಕು ಎತ್ತಲಿಲ್ಲ. ಅವನು ಸತ್ತ ಮೇಲೂ ಅದೇ ಕಟ್ಟಳೆ. ಚುನಾವಣೆ ಹತ್ತಿರ ಬಂದು, ಹಳೇ ಫ್ರಿಜ್ಜು, ಸುಟ್ಟ ಕಾರು ಅಡ್ಡ ಬಿದ್ದು ಸೇತುವೆ ಮುಚ್ಚಿದಾಗ, ಅವನ ಹುಟ್ಟುಹಬ್ಬದ ಸಂಜೆ ಸೇತುವೆಯ ನಡುವೆ ಸ್ಪೀಕರಿಟ್ಟು ನಾನು ಆ ಹಾಡು ಹಾಕುತ್ತಿದ್ದೆ. ಹಾಡು ಇರುವಷ್ಟು ಹೊತ್ತು ಅಡ್ಡ ಹಾಕಿದ್ದನ್ನೆಲ್ಲ ಸರಿಸುತ್ತಿದ್ದರು; ಯಾರು ಬೇಕಾದರೂ ದಾಟಬಹುದು. ಇದ್ದದ್ದು ಒಂದೇ ಮೆತ್ತನೆಯ ಪ್ಲೇಟು. ಮುಳ್ಳು ಓಡಿದಷ್ಟೂ ಸವೆಯುವಂಥದು. ಪ್ರತಿ ಮಾಡಿದರೆ ಯಾವುದಾದರೊಂದು ದಡದವರು ಹಾಡು ತಮ್ಮದೆನ್ನುತ್ತಾರೆಂದು ಅಸಾಫ್ ಮಾಡಲು ಬಿಟ್ಟಿರಲಿಲ್ಲ.

ಆ ವರ್ಷ, ಹುರಿದ ಮೀನು ಮಾರುವ ಮಿಸ್ ಇಸಿಲ್ಡಾ ಮಧ್ಯಾಹ್ನವೇ ನನ್ನ ಬಾಗಿಲಿಗೆ ಬಂದಳು. ಅವಳ ಮಗಳು ಶನೀಕ ಕೈಗೂಸಿನೊಂದಿಗೆ ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದಳು. ಗಂಡನನ್ನು ಕೊಂದವರು ಇವಳನ್ನೂ 'ಈಚೆಯವಳು' ಎಂದು ಗುರುತಿಟ್ಟಿದ್ದರು.

"ಒಂದ್ಸಲ ಪೂರ್ತಿ ಓಡ್ಸಪ್ಪ. ನಿನ್ನ ಜಂಬ ನಾಳೆಗಿರ್ಲಿ."

"ಮಿಸ್ ಇಸಿ, ನಾನು ಮುಳ್ಳಿಟ್ರೆ ಸತ್ತೋರೂ ಎದ್ದು ಸೇತುವೆ ದಾಟ್ತಾರೆ!"

"ಸತ್ತೋರು ಬೇಡ. ನನ್ನ ಮಗಳು ದಾಟಿದ್ರೆ ಸಾಕು."

ಸಂಜೆ ಮುಳ್ಳಿಟ್ಟೆ. ಅಸಾಫನ ದನಿ ಏಳುತ್ತಲೇ ಎರಡೂ ದಡದವರು ತಗಡಿನ ಬೇಲಿ ಬಡಿದರು. ಮೆಚ್ಚಿ ಬೇಲಿ ಬಡಿದರೆ ಹಾಡನ್ನು ಮೊದಲಿಂದ ಹಾಕಬೇಕು. ಹಾಕದವನು ನಮ್ಮಲ್ಲಿ ಮತ್ತೆಂದೂ ಪ್ಲೇಟು ಮುಟ್ಟುವಂತಿಲ್ಲ. ಮುಳ್ಳೆತ್ತಿ ಮೊದಲಿಗಿಟ್ಟೆ. ಮತ್ತೆ ಬಡಿದರು. ಮತ್ತೆ ಇಟ್ಟೆ. ಪ್ರೀತಿಯಿಂದಲೇ ಬಡಿದರು, ಹಾಳಾದವರು!

"ಬಡೀಬೇಡ್ರೋ, ಸವೀತದೆ!" ಇಸಿಲ್ಡಾ ಈಚೆ ತುದಿಯಿಂದ ಕಿರುಚಿದಳು. ಯಾರಿಗೆ ಕೇಳಿಸಬೇಕು?

ಸೇತುವೆಯ ತುಂಬ ಕುಣಿಯುವ ಜನ. ಅವರನ್ನು ಸೀಳಿಕೊಂಡು ಶನೀಕ ನನ್ನ ಸ್ಪೀಕರಿನ ಹತ್ತಿರ ಬರುವಷ್ಟರಲ್ಲಿ ಅಸಾಫನ ದನಿ ಮರಳು ಸುರಿದಂತಾಯಿತು. ಆಮೇಲೆ ಮರಳೂ ಇಲ್ಲ.

ಕುಣಿಯುತ್ತಿದ್ದವರು ತಂತಮ್ಮ ದಡಕ್ಕೆ ಚದುರಿದರು. ಬಂದೂಕುಗಳಿಗೆ ಗುಂಡು ತುಂಬುವ ಸದ್ದು ಕೇಳಿಸಿತು. ಸಮುದ್ರದಡಿ ಮೀನು ಕೆಮ್ಮಿದರೂ ಕೇಳುವ ಕಿವಿ ನನ್ನದು. ಆ ಹೊತ್ತು ಕಿವುಡನಾಗಿದ್ದರೆ ಚೆನ್ನಾಗಿರುತ್ತಿತ್ತು.

ಆಗ ಇಸಿಲ್ಡಾ ಹಾಡಿದಳು. ಅಸಾಫನ ಹಾಡೇ; ದನಿ ಮಾತ್ರ ತುಕ್ಕು ಹಿಡಿದ ಬಾಗಿಲು. ಹಾಡುತ್ತಲೇ ಸೇತುವೆ ಹತ್ತಿದಳು.

"ಇದೂ ಲೆಕ್ಕಕ್ಕಾ?" ಆಚೆಯಿಂದ ಒಬ್ಬ ಕೂಗಿದ.

"ಹಾಡಂತೂ ಅದೇ ಕಣೋ. ಮುಗೀಲಿ, ತಡಿ," ಎಂದ ಈಚೆಯವನು.

ಶನೀಕ ಓಡಿ ಬಂದು ಅವಳನ್ನು ತಬ್ಬಿದಳು. ಇಸಿಲ್ಡಾ ಮಗಳ ಹೆಸರನ್ನೂ ಕರೆಯಲಿಲ್ಲ. ಕರೆದರೆ ಹಾಡು ನಿಲ್ಲುತ್ತದೆ. ಕೂಸನ್ನೆತ್ತಿಕೊಂಡು ಹಾಡುತ್ತ ಹಾಡುತ್ತ ಹಿಂದಿರುಗಿದಳು. ದಡ ಸಿಗುವ ಮೊದಲೇ, ಕೊನೆಯ ಸಾಲಿನಲ್ಲಿ, ಅವಳ ದನಿ ನಿಂತಿತು.

ಹಾಡನ್ನು ನಾನು ಎತ್ತಿಕೊಂಡೆ. ಆ ಸಾಲನ್ನು ಎಳೆದೆ, ಎಳೆದೆ, ಆಫ್ರಿಕಾ ಮುಟ್ಟುವಷ್ಟು ಎಳೆದೆ. ಅವರು ಈಚೆ ದಡದ ಗಲ್ಲಿಯಲ್ಲಿ ಮರೆಯಾದರು. ಎರಡೂ ತುದಿಯಲ್ಲಿ ಫ್ರಿಜ್ಜುಗಳನ್ನು ಎಳೆದು ಅಡ್ಡ ಹಾಕುವ ಸದ್ದು ಶುರುವಾಯಿತು.

ನಾನಿನ್ನೂ ಸೇತುವೆಯ ನಡುವೆಯೇ ಇದ್ದೆ, ಮತ್ತು ಉಸಿರು ಮುಗಿಯುತ್ತಿತ್ತು.